ಹದಿಮೂರನೇ ಹೆಸರು

ನನ್ನ ಮಗಳು ನಾಗಶ್ರೀಯನ್ನು ಭಟ್ಕಳದಿಂದ ಕುಮಟೆಗೆ ತಂದವಳು ನಾನು. ಅವಳಪ್ಪನಲ್ಲ, ಮಾಸ್ತರರಲ್ಲ, ಅವಳಾಗಿ ಕೇಳಿದ್ದೂ ಅಲ್ಲ. ಬೈಯುವವರು ನನಗೇ ಬೈಯಲಿ. ಹದಿನಾರು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವವಳಿಗೆ ಬೈಗುಳ ಹೊಸತಲ್ಲ.

ಆಗ ನಾವು ಭಟ್ಕಳದ ಹತ್ತಿರದ ಜಾಲಿಯಲ್ಲಿದ್ದೆವು. ನನ್ನ ಗಂಡ ವಿನೋದನಿಗೆ ಭಟ್ಕಳದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ, ನನಗೆ ಭಟ್ಕಳ ಡಿಪೋ. ಒಬ್ಬಳೇ ಮಗಳು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅಪ್ಪನ ಎತ್ತರಕ್ಕೆ ಬೆಳೆದು ನಿಂತಿದ್ದಳು. ನೆಂಟರಿಷ್ಟರೆಲ್ಲ "ಇದಕ್ಕೆ ಗಂಡು ಎಲ್ಲಿಂದ ತರ್ತ್ಯೇ ರೇಖಾ" ಎಂದು ನಗುತ್ತಿದ್ದರು. ಅವಳ ಎತ್ತರವನ್ನು ನೋಡಿ ನಗದೇ ಇದ್ದವರು ಶಾಲೆಯ ದಿನಕರ ಮಾಸ್ತರರು ಒಬ್ಬರೇ. ಅವರು ಮೂಲತಃ ವಾಲಿಬಾಲ್ ಆಡಿದವರು. ಬಾಸ್ಕೆಟ್‌ಬಾಲ್ ನಿಯಮಗಳನ್ನು ಮೊಬೈಲಿನಲ್ಲಿ ನೋಡಿಕೊಂಡು ಕಲಿತು, ಗ್ರಿಲ್ ಮಾಡುವವನ ಹತ್ತಿರ ಕಬ್ಬಿಣದ ರಿಂಗ್ ಮಾಡಿಸಿ, ಕೆಂಪು ಮಣ್ಣಿನ ಅಂಗಳದಲ್ಲಿ ಒಂದು ಕಂಬಕ್ಕೆ ಹೊಡೆಸಿದ್ದರು. ಒಂದೇ ಕಂಬ, ಏಳು ಹುಡುಗಿಯರು. ಮಳೆಗಾಲದಲ್ಲಿ ಶಾಲೆಯ ಜಗಲಿಯ ಮೇಲೆ ಚೆಂಡು ಪುಟಿಸುವುದಷ್ಟೇ ಅಭ್ಯಾಸ.

ಆ ಏಳರಲ್ಲಿ ಪವಿತ್ರಾ ಎಂಬ ಹುಡುಗಿ ಎಲ್ಲರಿಗಿಂತ ಗಿಡ್ಡ. ಶಿರಾಲಿ ಕಡೆಯವಳು. ಅವಳ ತಾಯಿ ಸೀತೆ ಭಟ್ಕಳದಲ್ಲಿ ಒಂದು ನವಾಯತ ಮುಸ್ಲಿಮರ ಮನೆಗೆ ಅಡಿಗೆಯ ಕೈಕೆಲಸಕ್ಕೆ ಹೋಗುತ್ತಿದ್ದಳು. ನಾಗಶ್ರೀಗೂ ಪವಿತ್ರಾಗೂ ಗಳಸ್ಯ ಕಂಠಸ್ಯ. ಚೆಂಡನ್ನು ನೋಡದೆ ಪುಟಿಸುತ್ತ ಓಡುವುದನ್ನು ಪವಿತ್ರಾಗೆ ಕಲಿಸಿದ್ದು ನನ್ನ ಮಗಳೇ. ಶನಿವಾರ ಮಧ್ಯಾಹ್ನ ನಮ್ಮ ಮನೆಯಂಗಳದಲ್ಲಿ ಪವಿತ್ರಾಳ ಕಣ್ಣಿಗೆ ನನ್ನ ಹಳೇ ಶಾಲು ಕಟ್ಟಿ ಕಲಿಸುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಆ ವರ್ಷ ಏಳು ಹುಡುಗಿಯರೂ ಕುಮಟೆಗೆ ಆಡಲು ಹೋದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಕುಮಟೆಯ ಶಾಲೆಗೆ ಸಿಮೆಂಟಿನ ಕೋರ್ಟು, ಎರಡೂ ಕಡೆ ಗಾಜಿನ ಹಲಗೆ, ಹುಡುಗಿಯರಿಗೆ ಒಂದೇ ಬಣ್ಣದ ಶೂ. ನಲವತ್ತೆರಡಕ್ಕೆ ಆರು ಅಂಕದಲ್ಲಿ ಸೋತೆವು. ಆ ಆರೂ ನಾಗಶ್ರೀಯವೇ. ಆಟ ಮುಗಿದ ಮೇಲೆ ಅಲ್ಲಿಯ ಕೋಚ್ ಸಂಜಯ ಸರ್ ನನ್ನ ಹತ್ತಿರ ಬಂದು, "ಈ ಹುಡುಗಿ ನಮ್ಮಲ್ಲಿದ್ರೆ ಸ್ಟೇಟ್ ಆಡ್ತಿತ್ತು" ಅಂದರು. ಅಷ್ಟೇ ಹೇಳಿ ನೀರು ಕುಡಿಯಲು ಹೋದರು. ಅವರಿಗೆ ಆ ಮಾತು ಸಂಜೆಯೊಳಗೆ ಮರೆತುಹೋಗಿರಬಹುದು. ನಾನು ಅದನ್ನು ಹಿಡಿದುಕೊಂಡು ಭಟ್ಕಳದ ತನಕ ಬಂದೆ.

ಜಿಲ್ಲೆ, ಆಮೇಲೆ ಬೆಳಗಾವಿಯಲ್ಲಿ ವಿಭಾಗ ಮಟ್ಟ, ಆಮೇಲೆ ರಾಜ್ಯ. ಅಲ್ಲಿಗೆ ಹೋದರೆ ಸರ್ಟಿಫಿಕೇಟು, ಕ್ರೀಡಾ ಕೋಟಾ, ಒಳ್ಳೆಯ ಕಾಲೇಜು, ಸರ್ಕಾರಿ ನೌಕರಿ. ನಿಂತು ನಿಂತು ಕಾಲಿನ ನರ ಊದಿಕೊಂಡ ನನ್ನಂಥವಳಿಗೆ ಇದೆಲ್ಲ ಸಾಲಾಗಿ ಕಣ್ಣ ಮುಂದೆ ಬಂತು. ಕುಮಟೆ ಡಿಪೋದಲ್ಲಿ ಭಟ್ಕಳಕ್ಕೆ ಬರಲು ಕಾಯುತ್ತಿದ್ದ ಒಬ್ಬ ಕಂಡಕ್ಟರನನ್ನು ಹುಡುಕಿ, ಪರಸ್ಪರ ವರ್ಗಾವಣೆಗೆ ಅರ್ಜಿ ಕೊಟ್ಟೆ. ವಿನೋದ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ದಿನಾ ಕುಮಟೆಯಿಂದ ಭಟ್ಕಳಕ್ಕೆ ಕೆಲಸಕ್ಕೆ ಹೋಗಿಬರುವ ಪಾಡು ಅವನದಾಯಿತು.

ಟಿ.ಸಿ. ತರಲು ಹೋದಾಗ ದಿನಕರ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾ, ಒಂದ್ ವರ್ಷ ತಡೀರಿ. ಜಿಲ್ಲಾ ಟೀಮ್ ಮಾಡುವಾಗ ಎಲ್ಲ ತಾಲೂಕಿಂದೂ ಒಬ್ಬರನ್ನಾದ್ರೂ ತಗೊಳ್ತ್ರು. ಇಲ್ಲೇ ಇದ್ರೆ ನಾಗಶ್ರೀ ಕಣ್ಮುಚ್ಚಿ ಹೋಗ್ತದೆ. ಅಲ್ಲಿ ಹೋದ್ರೆ ಅದರಂಥವು ಹತ್ತು ಇರ್ತವೆ."

ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಯಾರೂ ಮುನಿಸಿಕೊಳ್ಳದಿರಲಿ ಎಂದು ಮಾಡಿಕೊಂಡು ಬಂದ ಹೊಂದಾಣಿಕೆ. ಮಾಸ್ತರರು ತಮ್ಮ ತಂಡ ಮುರಿಯುತ್ತದೆಂದು ನನ್ನನ್ನು ತಡೆಯುತ್ತಿದ್ದಾರೆ ಅಂದುಕೊಂಡೆ. "ನಿಮ್ಮ ಕಬ್ಬಿಣದ ರಿಂಗಿಗೆ ನನ್ನ ಮಗಳನ್ನ ಕಟ್ಟಿ ಹಾಕ್ಬೇಕಾ ಮಾಸ್ತರ್ರೇ?" ಅಂದೆ. ಅವರ ಮುಖ ಸಣ್ಣದಾಯಿತು. ಟಿ.ಸಿ. ತಂದು ಕೊಟ್ಟರು.

ಕುಮಟೆಯಲ್ಲಿ ನನ್ನಂಥ ಜಾಣೆಯರು ಎಷ್ಟು ಜನ ಇದ್ದಾರೆಂದು ಮೊದಲ ವಾರವೇ ತಿಳಿಯಿತು. ಇಪ್ಪತ್ಮೂರು ಹುಡುಗಿಯರಲ್ಲಿ ಒಂಬತ್ತು ಮಂದಿ ಹೊರಗಿನಿಂದ ಬಂದವರು. ಅಂಕೋಲೆಯವರು ಇಬ್ಬರು, ಹಾವೇರಿಯಿಂದ ಒಬ್ಬಳು. ಒಬ್ಬಳ ಅಪ್ಪ ಬಾಡ ಎಂಬ ಊರಲ್ಲಿ ದೋಣಿ ಇಟ್ಟುಕೊಂಡವನು, ಮಗಳ ಆಟಕ್ಕೆಂದು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದ. ಹೊನ್ನಾವರದ ಮಾಲಿನಿ ಎಂಬವಳು ಗಂಡನ ಬ್ಯಾಂಕಿನಲ್ಲಿ ಯಾರ ಯಾರ ಕೈಕಾಲೋ ಹಿಡಿದು ವರ್ಗ ಮಾಡಿಸಿಕೊಂಡು ಬಂದಿದ್ದಳು. ನಾವೆಲ್ಲ ಸಂಜೆ ಕೋರ್ಟಿನ ಪಕ್ಕದ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದೆವು. ಬೆಳಗಿನ ಪಾಳಿ ಮುಗಿಸಿ ನಾನು ಖಾಕಿಯಲ್ಲೇ ಹೋಗುತ್ತಿದ್ದೆ. ಒಬ್ಬರ ಡಬ್ಬಿಯ ಚಕ್ಕುಲಿ ಇನ್ನೊಬ್ಬರು ತಿನ್ನುತ್ತ, ಒಬ್ಬರ ಮಗಳು ಚೆಂಡು ಬಿಟ್ಟರೆ ಇನ್ನೊಬ್ಬರು "ಅಯ್ಯೋ, ಪಾಪ" ಅನ್ನುತ್ತಿದ್ದೆವು. ಆ ಪಾಪದಲ್ಲಿ ಎಷ್ಟು ಖುಷಿ ಇರುತ್ತಿತ್ತೆಂದು ನಮಗೆಲ್ಲ ಗೊತ್ತಿತ್ತು.

"ನಿಮ್ಮ ಹುಡುಗಿಗೆ ಎಂತ ತಿನ್ಸ್ತ್ರಿ?" ಎಂದು ಮಾಲಿನಿ ಒಂದು ದಿನ ಕೇಳಿದಳು.

"ನಾವು ತಿಂದಿದ್ದೇ. ಬಂಗಡೆ, ಅನ್ನ."

"ನಾವು ದಿನಕ್ಕೆ ನಾಲ್ಕು ಮೊಟ್ಟೆ. ಹಳದಿ ತೆಗ್ದು."

ಮರುದಿನದಿಂದ ನನ್ನ ಮನೆಯಲ್ಲಿ ಐದು ಮೊಟ್ಟೆ ಬೇಯತೊಡಗಿದವು. ಜಾಲಿಗೆ ಹೋಗುವುದು ನಿಂತಿತು. ಹಬ್ಬಕ್ಕೂ ಇಲ್ಲ, ಭಾನುವಾರಕ್ಕೂ ಇಲ್ಲ. ನಾಗಶ್ರೀ ಪವಿತ್ರಾಳ ಹೆಸರು ಎತ್ತಿದರೆ, "ಅದರ ಹತ್ರ ಮಾತಾಡಿದ್ರೆ ಆಟ ಬರ್ತದಾ?" ಅನ್ನುತ್ತಿದ್ದೆ. ಮಾಲಿನಿಯ ಮಗಳು ಒಮ್ಮೆ ಕಾಲು ಉಳುಕಿ ಎರಡು ವಾರ ಮನೆಯಲ್ಲಿ ಕೂತಳು. ನಾನು ಸಜ್ಜಿಗೆ ಮಾಡಿಕೊಂಡು ನೋಡಲು ಹೋದೆ. ಅವಳ ಪಾದ ಇನ್ನೂ ಊದಿಕೊಂಡಿರುವುದನ್ನು ಕಂಡು ನನಗೆ ಸಂತೋಷವಾಯಿತು. ಮನೆಗೆ ಬಂದು ಕೈಕಾಲು ತೊಳೆದರೂ ಆ ಸಂತೋಷ ಹೋಗಲಿಲ್ಲ.

ಇಷ್ಟೆಲ್ಲ ಮಾಡಿಯೂ ನಾಗಶ್ರೀ ಅಲ್ಲಿ ಹತ್ತರಲ್ಲಿ ಹನ್ನೊಂದು. ಭಟ್ಕಳದಲ್ಲಿ ಚೆಂಡು ಹಿಡಿದರೆ ರಿಂಗಿನ ತನಕ ಅವಳದೇ ಓಟ. ಇಲ್ಲಿ ಸಂಜಯ ಸರ್ ಅವಳನ್ನು ರಿಂಗಿನ ಕೆಳಗೆ ನಿಲ್ಲಿಸಿ, ಬಂದ ಚೆಂಡು ಹಿಡಿದು ಬೇರೆಯವರಿಗೆ ಕೊಡು ಅನ್ನುತ್ತಿದ್ದರು. ಆಟದಲ್ಲಿ ನಾಲ್ಕೈದು ನಿಮಿಷ ಇಳಿಸುತ್ತಿದ್ದರು. ಉಳಿದ ಹೊತ್ತು ಬೆಂಚು. ಮೊದಮೊದಲು ಮನೆಗೆ ಬಂದು ಅಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಮೆಟ್ಟಿಲ ಮೇಲಿನ ನಮ್ಮ ಹಾಗೆಯೇ ಅವಳೂ ಬೆಂಚಿನಲ್ಲಿ ಕೂತು ಇತರರ ತಪ್ಪು ಎಣಿಸತೊಡಗಿದಳು.

ಕುಮಟೆಗೆ ಬಂದ ಎರಡನೇ ವರ್ಷ, ಸೆಪ್ಟೆಂಬರಿನ ಒಂದು ಶನಿವಾರ ಜಿಲ್ಲಾ ತಂಡದ ಆಯ್ಕೆಯಾಯಿತು. ಹನ್ನೆರಡು ಹೆಸರು. ಮಾಲಿನಿಯ ಮಗಳದು ಇತ್ತು. ಹಾವೇರಿಯವಳದು ಇತ್ತು. ಹನ್ನೆರಡನೆಯದು ಭಟ್ಕಳದ ಪವಿತ್ರಾ. ಅದರ ಕೆಳಗೆ ಒಂದು ಗೀಟು ಎಳೆದು, ಯಾರಾದರೂ ತಪ್ಪಿದರೆ ಇರಲಿ ಎಂದು ಹದಿಮೂರನೆಯ ಹೆಸರು ಬರೆದಿದ್ದರು: ನಾಗಶ್ರೀ ವಿನೋದ ನಾಯ್ಕ.

ದಿನಕರ ಮಾಸ್ತರರು ಹೇಳಿದ್ದು ಅಕ್ಷರಶಃ ಹಾಗೇ ಆಗಿತ್ತು. ನಾನು ಮಗಳನ್ನು ಎಬ್ಬಿಸಿಕೊಂಡು ಬಂದ ಜಾಗದಲ್ಲಿ, ಅವಳೇ ಕಣ್ಣು ಕಟ್ಟಿ ಆಟ ಕಲಿಸಿದ ಹುಡುಗಿ ಕೂತಿದ್ದಳು. ನನಗೆ ಸಿಟ್ಟು ಬಂತು. ಮಾಸ್ತರರ ಮೇಲೆ, ಸಂಜಯ ಸರ್ ಮೇಲೆ, ಆ ಗಿಡ್ಡ ಹುಡುಗಿಯ ಮೇಲೆ, ಎಲ್ಲರ ಮೇಲೂ. ನನ್ನೊಬ್ಬಳನ್ನು ಬಿಟ್ಟು.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ದಿನಾ ಅದೇ ಮುಖಗಳು ನನ್ನ ಕುಮಟೆ-ಭಟ್ಕಳ ಬಸ್ಸಿಗೆ ಹತ್ತುತ್ತವೆ. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಳ್ಳುವಾಗ ಏನಾದರೊಂದು ಕೇಳುತ್ತವೆ. ಮಂಗಳೂರಿನಲ್ಲಿ ಕಣ್ಣಿಗೆ ಯಾವ ಡಾಕ್ಟರು, ಹುಬ್ಬಳ್ಳಿಯಲ್ಲಿ ಸೀರೆಗೆ ಯಾವ ಅಂಗಡಿ. ಒಬ್ಬಳಂತೂ ಧಾರವಾಡದ ಗಂಡು ಆದೀತೇ ಎಂದು ನನ್ನನ್ನು ಕೇಳಿಯೇ ಮಗಳ ಮದುವೆ ನಿಶ್ಚಯ ಮಾಡಿದಳು. ನಾನು ಧಾರವಾಡದಲ್ಲಿ ಬಸ್‌ಸ್ಟ್ಯಾಂಡ್ ಬಿಟ್ಟು ಬೇರೇನೂ ನೋಡಿಲ್ಲ. ಆದರೂ ಕುತ್ತಿಗೆಗೆ ಚರ್ಮದ ಚೀಲ ಹಾಕಿಕೊಂಡು ಊರೂರು ತಿರುಗುವವಳಿಗೆ ಎಲ್ಲ ಗೊತ್ತಿರುತ್ತದೆಂದು ಅವರ ನಂಬಿಕೆ. ನನಗೂ ಅದು ಹಿತವಾಗಿತ್ತು.

ಸೋಮವಾರ ಬೆಳಿಗ್ಗೆ ಶಿರಾಲಿಯಲ್ಲಿ ಸೀತೆ ಹತ್ತಿದಳು. ಸೀಟು ಖಾಲಿ ಇದ್ದರೂ ಕೂರದೆ ನನ್ನ ಪಕ್ಕ ಕಂಬ ಹಿಡಿದು ನಿಂತಳು.

"ರೇಖಕ್ಕಾ, ನಮ್ಮ ಪವಿತ್ರಾಂದು ಹೆಸ್ರು ಬಂದಿದ್ಯಂತೆ. ಬೆಳಗಾವಿಗೆ ಕಳ್ಸ್ಬೇಕಂತೆ ನಾಲ್ಕು ದಿನ. ಇವ್ರು ಬೇಡ ಹೇಳ್ತ್ರು. ಹುಡುಗಿ ಅಳ್ತದೆ. ನಾ ನಿಮ್ಮನ್ನ ಕೇಳಿ ಹೇಳ್ತೆ ಅಂದೆ. ಕಳ್ಸ್‌ಲಕ್ಕಾ?"

ಜೊತೆಗೆ ಒಬ್ಬ ಟೀಚರಮ್ಮ ಹೋಗುತ್ತಾರೆ, ಉಳಿಯುವುದು ಹೆಣ್ಣುಮಕ್ಕಳದೇ ಹಾಸ್ಟೆಲಿನಲ್ಲಿ, ಬಾಗಿಲಿಗೆ ಕಾವಲಿದೆ. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಮಗಳನ್ನು ಕಳಿಸುವಾಗ ಬೇಕಾದೀತೆಂದು ಎರಡು ವರ್ಷದ ಹಿಂದೆಯೇ ವಿಚಾರಿಸಿ ಇಟ್ಟುಕೊಂಡಿದ್ದೆ.

"ನಾ ಎಂತ ಹೇಳ್ಲಿ ಸೀತಾ," ಅಂದೆ. "ಏಳು ತಾಸಿನ ದಾರಿ. ಎಲ್ಲಿ ಮಲಗ್ಸ್ತ್ರೋ, ಯಾರ್ ಬರ್ತ್ರೋ ಹೋಗ್ತ್ರೋ. ನನ್ನ ಹುಡುಗಿ ಆಗಿದ್ರೆ ನಾ ಕಳ್ಸ್ತಿರ್ಲಿಲ್ಲ."

ಸೀತೆ ತಲೆಯಾಡಿಸಿದಳು. "ಹಂಗಾರೆ ಬೇಡ ಅಲ್ದಾ," ಅಂದಳು. ಟಿಕೆಟ್ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಹೋಗಿ ಕೂತಳು. ಇಷ್ಟು ಸುಲಭವಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಬುಧವಾರ ಸಂಜೆ ಸಂಜಯ ಸರ್ ಫೋನು ಬಂತು. ಭಟ್ಕಳದ ಹುಡುಗಿಯ ಮನೆಯಲ್ಲಿ ಒಪ್ಪುತ್ತಿಲ್ಲವಂತೆ. ನಾಳೆ ಮಧ್ಯಾಹ್ನದೊಳಗೆ ಅವಳ ಒಪ್ಪಿಗೆ ಫಾರ್ಮು ಅಲ್ಲಿಯ ಶಾಲೆಗೆ ಬಂದರೆ ಸರಿ, ಇಲ್ಲದಿದ್ದರೆ ನಾಗಶ್ರೀ ಹೆಸರು ಸೇರುತ್ತದೆ, ಶುಕ್ರವಾರ ಬೆಳಿಗ್ಗೆ ಹೊರಡುವುದು. ನಾನು ದೇವರಿಗೆ ದೀಪ ಹಚ್ಚಿದೆ. ಎಷ್ಟು ನಾಚಿಕೆಗೆಟ್ಟವಳು ನೋಡಿ, ದೇವರಿಗೆ ದೀಪ ಹಚ್ಚಿದೆ.

ನಾಗಶ್ರೀ ಹಿತ್ತಲಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಅರ್ಧ ತಾಸಾಯಿತು. ಪವಿತ್ರಾಳ ಜೊತೆಗೇ ಎಂದು ಧ್ವನಿಯಲ್ಲೇ ಗೊತ್ತಾಯಿತು. ಮೀನಿನ ಹುರುಪೆ ತೆಗೆಯುತ್ತಿದ್ದ ಕೈ ಹಾಗೇ ನಿಂತಿತು. ಅವಳು ಒಳಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ಪವಿತ್ರಾನ ಅಮ್ಮಂಗೆ ನೀ ಹೇಳ್ದ್ಯಾ? ಕಳ್ಸ್‌ಬೇಡಿ ಅಂತ?"

ಇಲ್ಲ ಅನ್ನಲು ಬಾಯಿ ತೆಗೆದೆ. "ಹೌದು," ಅಂದೆ.

ಅವಳು ಕಿರುಚಲಿ ಎಂದು ಕಾದೆ. ನಿಜವಾಗಿ ಕಾದೆ. ಬ್ಯಾಗು ಎಸೆಯಲಿ, ನೀನೊಂದು ತಾಯಿಯಾ ಎಂದು ಕೇಳಲಿ, ನಾನು ಹೋಗುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳಲಿ. ಹಾಗೆ ಮಾಡಿದ್ದರೆ ನಾನು ಅವಳ ಕೆನ್ನೆಗೆ ಒಂದು ಕೊಟ್ಟು, ಆಮೇಲೆ ಅತ್ತು, ಆಗಲೇ ಸೀತೆಗೆ ಫೋನು ಮಾಡುತ್ತಿದ್ದೆ. ಇದನ್ನು ಈಗ ಹೇಳುವುದು ಸುಲಭ. ಆದರೂ ಮಾಡುತ್ತಿದ್ದೆ ಅನಿಸುತ್ತದೆ.

ನಾಗಶ್ರೀ ನೆಲದ ಮೇಲೆ ಕೂತು ಶೂವಿನ ಲೇಸು ಬಿಚ್ಚಿ ಹೊಸದನ್ನು ಪೋಣಿಸತೊಡಗಿದಳು.

"ಅದು ಮತ್ತೆ ಅಪ್ಪನ ಹತ್ರ ಹಟ ಮಾಡ್ತದಂತೆ," ಅಂದಳು. "ನಾ ಹೇಳ್ದೆ, ಬೆಳಗಾವಿ ಸರಿ ಇಲ್ಲ ಅಂತೆ, ನಂಗೂ ಅಪ್ಪ ಕಳ್ಸೂದಿಲ್ಲ ಹೇಳಿದ್ರು, ನನ್ನ ಹೆಸ್ರು ಬಂದ್ರೂ ನಾ ಹೋಗೂದಿಲ್ಲ ಅಂತ."

"ಎಂತಕೆ ಹಂಗೆ ಹೇಳ್ದೆ?"

"ಮತ್ತೆ? ನಾ ಹೋಗ್ತೆ ಅಂದ್ರೆ ಅದೂ ಬರ್ತೆ ಹೇಳ್ತದೆ. ನಾಳೆ ಮಧ್ಯಾಹ್ನದ ತನಕ ಟೈಮ್ ಅದೆ." ಲೇಸನ್ನು ಎಳೆದು ಬಿಗಿ ಮಾಡಿದಳು. "ಅದು ಹೋದ್ರೂ ಎಂತ ಮಾಡ್ತದೆ? ಬೆಂಚಲ್ಲೇ ಕೂರೂದು. ನಾಳೆ ಅದರ ಅಮ್ಮ ಬಸ್ಸಲ್ಲಿ ಕೇಳಿದ್ರೆ ನೀನೂ ಹಂಗೇ ಹೇಳು. ಬೇರೆ ಬೇರೆ ಹೇಳಿದ್ರೆ ಗೊತ್ತಾಗ್ತದೆ."

ನಾನು ಅವಳ ಮುಖ ನೋಡಿದೆ. ಸಿಟ್ಟಿರಲಿಲ್ಲ, ಬೇಜಾರಿರಲಿಲ್ಲ. ಆಟದ ನಡುವೆ ಯಾರನ್ನು ಹೇಗೆ ತಡೆಯಬೇಕೆಂದು ಲೆಕ್ಕ ಹಾಕುವ ಮುಖ. ನನಗೆ ನನ್ನ ಮಗಳ ಹೆದರಿಕೆಯಾಯಿತು. "ಪವಿತ್ರಾ ಅಳ್ತಿತ್ತಾ?" ಎಂದು ಕೇಳಿದೆ.

"ಹೂಂ," ಅಂದಳು. "ಮೊಟ್ಟೆ ಬೇಯ್ಸಿದ್ಯಾ?"

ಗುರುವಾರ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಶಿರಾಲಿಯಲ್ಲಿ ಸೀತೆ ಇರಬಾರದೆಂದು ಬೇಡಿಕೊಂಡೆ. ಇದ್ದಳು. ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚದೆ ಜೋಪಾನವಾಗಿ ಇಟ್ಟ ಒಂದು ಕಾಗದ.

"ಇವ್ರು ಸಹಿ ಹಾಕಿದ್ರು ರೇಖಕ್ಕಾ. ಹುಡುಗಿ ಎರಡು ದಿನದಿಂದ ಊಟ ಬಿಟ್ಟಿದೆ. ಈಗ ಶಾಲೆ ಹತ್ರ ಇಳ್ದು ಮಾಸ್ತರ್ರಿಗೆ ಕೊಟ್ಟು ಹೋಗ್ವಾ ಅಂತ." ನನ್ನ ಕಡೆಗೆ ಬಾಗಿ ಕೇಳಿದಳು. "ಹುಡುಗಿ ಹೇಳ್ತಿತ್ತು, ನಾಗಶ್ರೀನೂ ಹೋಗೂದಿಲ್ಲಂತೆ. ಹೌದಾ? ಅದು ಹೋಗೂದಾದ್ರೆ ನಂಗೆ ಹೆದ್ರಿಕೆ ಇಲ್ಲ. ಅಕ್ಕ-ತಂಗಿ ಹಂಗೆ ಬೆಳೆದವು. ಜೊತೆಗಿರ್ತವೆ."

ಟಿಕೆಟ್ ಮಷಿನ್ ನನ್ನ ಕೈಯಲ್ಲಿತ್ತು. ನಾಗಶ್ರೀ ಹೋಗುತ್ತಾಳೆ ಅಂದರೆ ಸೀತೆ ಇಳಿದು ಫಾರ್ಮು ಕೊಡುತ್ತಾಳೆ, ನಾಗಶ್ರೀ ಮನೆಯಲ್ಲಿ ಉಳಿಯುತ್ತಾಳೆ. ಎರಡು ವರ್ಷ ಮೊಟ್ಟೆ ಬೇಯಿಸಿದ್ದು, ವಿನೋದ ದಿನಾ ನಾಲ್ಕು ತಾಸು ಬಸ್ಸಿನಲ್ಲಿ ತೂಕಡಿಸಿದ್ದು, ಎಲ್ಲ ನೀರಲ್ಲಿ ಹೋಮ. ಸೀತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಒಂದಿಷ್ಟಾದರೂ ಸಂಶಯವಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಇಲ್ಲ ಸೀತಾ," ಅಂದೆ. "ಅದೂ ಹೋಗೂದಿಲ್ಲ. ನಾವೇ ಬೇಡ ಅಂದ್ವಿ."

"ಹಂಗಾ," ಅಂದಳು.

ಶಾಲೆಯ ಸ್ಟಾಪು ಬಂತು. ಎಂದಿನಂತೆ ಕೂಗಿ ಹೇಳಿದೆ. ನಾಲ್ಕು ಮಕ್ಕಳು ಇಳಿದರು. ಸೀತೆ ಕಿಟಕಿಯಿಂದ ಗೇಟಿನ ಕಡೆಗೆ ನೋಡಿದಳು, ಗೇಟಿನ ಹತ್ತಿರ ದಿನಕರ ಮಾಸ್ತರರು ನಿಂತಿದ್ದರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಎಂತ ಎಂಬಂತೆ ಹುಬ್ಬೇರಿಸಿದ. ನಾನು ಸೀಟಿ ಊದಿದೆ.

ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಸೀತೆ ನನ್ನ ಕೈ ಹಿಡಿದುಕೊಂಡಳು. "ನೀವ್ ಸಿಕ್ಕಿದ್ದು ಒಳ್ಳೇದಾತು ರೇಖಕ್ಕಾ. ಇಲ್ದಿದ್ರೆ ಹುಡುಗಿ ಅಳೂದು ನೋಡೂಕಾಗ್ದೆ ಕಳ್ಸಿ ಬಿಡ್ತಿದ್ದೆ. ಇನ್ನು ಆಟ ಗೀಟ ಎಲ್ಲ ಬಿಡ್ಸೂದೇ. ಆಸೆ ಹಚ್ಚೂದೇ ತಪ್ಪು." ಕವರನ್ನು ಕಂಕುಳಲ್ಲಿ ಸೇರಿಸಿಕೊಂಡು ಕೆಲಸದ ಮನೆಯ ಕಡೆಗೆ ನಡೆದಳು.

ಅವಳು ತಿರುವಿನಲ್ಲಿ ಮರೆಯಾಗುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ನಾಗಶ್ರೀ. ಶಾಲೆಗೆ ಹೊರಟಿದ್ದಳು ಅಂತ ಕಾಣುತ್ತದೆ, ಹಿಂದೆ ಸೈಕಲ್ಲಿನ ಗಂಟೆ ಕೇಳುತ್ತಿತ್ತು.

"ಅಮ್ಮಾ, ಪವಿತ್ರಾನ ಅಮ್ಮ ಶಾಲೆ ಹತ್ರ ಇಳ್ದ್ರಾ?"

"ಇಲ್ಲ."

"ಫಾರ್ಮ್ ತಂದಿದ್ರಾ?"

"ತಂದಿದ್ಲು ಮಗಾ. ಸಹಿ ಆಗಿತ್ತು." ಅವಳು ಏನಾದರೂ ಹೇಳಲಿ, ಪಾಪ ಎಂದಾದರೂ ಅನ್ನಲಿ, ನಾವು ಮೆಟ್ಟಿಲ ಮೇಲೆ ಕೂತು ಅನ್ನುವಂಥ ಸುಳ್ಳು ಪಾಪವಾದರೂ ಆಗಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಆತು," ಅಂದಳು ನನ್ನ ಮಗಳು. "ಬರುವಾಗ ಪೇಟೆಯಿಂದ ಒಂದು ಒಳ್ಳೆ ಬ್ಯಾಗ್ ತಕ್ಕಂಬಾ."